‘ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಲ್ಯಾಗ್’: ಹಾರರ್ ಕಾಮಿಡಿ ನೋಡಿದವರೆಲ್ಲ ಯಾಕೆ ಹೀಗೇ ಹೇಳುತ್ತಾರೆ?

ಹಾರರ್ ಕಾಮಿಡಿಯೊಂದು ತೆರೆಕಂಡ ದಿನ ಸಂಜೆಯೊಳಗೆ ಅಭಿಮಾನಿಗಳ ಮಾತನ್ನೆಲ್ಲ ಒಂದೆಡೆ ರಾಶಿ ಹಾಕಿದರೆ ಎರಡು ವಾಕ್ಯಗಳು ಕೈಗೆ ತಗುಲುತ್ತಲೇ ಇರುತ್ತವೆ. ಒಂದು, ‘ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಲ್ಯಾಗ್’. ಇನ್ನೊಂದು, ‘ಅತ್ತ ಹೆದರಿಸಲೂ ಇಲ್ಲ, ಇತ್ತ ನಗಿಸಲೂ ಇಲ್ಲ’. ನಟ ಯಾರೇ ಇರಲಿ, ಭಾಷೆ ಯಾವುದೇ ಆಗಲಿ, ಇವೆರಡು ತಪ್ಪುವುದಿಲ್ಲ. ಆಕ್ಷನ್ ಚಿತ್ರಗಳಿಗೆ ದೂರುಗಳು ಇಷ್ಟು ಅಚ್ಚು ಹೊಡೆದಂತೆ ಬರುವುದು ಕಡಿಮೆ. ಅಷ್ಟೊಂದು ಚಿತ್ರಗಳ ಮೇಲೆ ಒಂದೇ ದೂರು ಇದೆ ಎಂದರೆ ತಪ್ಪೆಲ್ಲ ನಿರ್ದೇಶಕರ ತಲೆಗೆ ಕಟ್ಟುವಂತಿಲ್ಲ. ಆ ಬಗೆಯ ಕಥೆಯ ಹೊಟ್ಟೆಯಲ್ಲೇ ಏನೋ ತೊಡಕಿದೆ.

ಆ ತೊಡಕನ್ನು ಸಿನಿಮಾ ಹುಟ್ಟುವ ಎಷ್ಟೋ ಮೊದಲೇ ಗುರುತಿಸಿದವರಿದ್ದಾರೆ. 14ನೇ ಶತಮಾನದ ವಿಶ್ವನಾಥನ ‘ಸಾಹಿತ್ಯದರ್ಪಣ’ ಯಾವ ರಸಕ್ಕೆ ಯಾವುದು ವಿರೋಧಿ ಎಂದು ಒಂದೊಂದಾಗಿ ಹೇಳುತ್ತ ಹೋಗುತ್ತದೆ. ಹಾಸ್ಯಕ್ಕೆ ಅಲ್ಲಿ ಎರಡು ವಿರೋಧಿಗಳು: ಭಯಾನಕ ಮತ್ತು ಕರುಣ. ಈಗ ನಮ್ಮ ಹಾರರ್ ಕಾಮಿಡಿಗಳ ಕಥೆಯನ್ನು ನೆನೆಸಿಕೊಳ್ಳಿ. ಇಂಟರ್ವಲ್‌ವರೆಗೆ ಭಯ ಮತ್ತು ನಗು ಒಂದೇ ಮನೆಯಲ್ಲಿ ಸಂಸಾರ ಮಾಡುತ್ತವೆ. ಇಂಟರ್ವಲ್ ಆದಮೇಲೆ ದೆವ್ವ ಯಾಕೆ ದೆವ್ವವಾಯಿತು ಎಂಬ ದುಃಖದ ಕಥೆ ಬರುತ್ತದೆ. ಅಂದರೆ ಮೊದಲರ್ಧದಲ್ಲಿ ಹಾಸ್ಯದ ಎದುರು ಒಬ್ಬ ವೈರಿ, ಎರಡನೆಯ ಅರ್ಧದಲ್ಲಿ ಇಬ್ಬರು. ‘ಲ್ಯಾಗ್’ ಎಂಬ ಪದದೊಳಗೆ ಅಭಿಮಾನಿ ಹೇಳುತ್ತಿರುವುದು ಬಹುಪಾಲು ಇದನ್ನೇ.

ವೈರಿಗಳನ್ನು ಒಂದೇ ಕಡೆ ಕೂರಿಸುವ ಉಪಾಯವೂ ಹಳೆಯದೇ. 9ನೇ ಶತಮಾನದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಎರಡು ದಾರಿ ತೋರಿಸುತ್ತಾನೆ. ಒಂದು, ವಿರುದ್ಧ ರಸಗಳನ್ನು ಒಬ್ಬನಲ್ಲೇ ಇಡಬೇಡ, ಆಶ್ರಯ ಬೇರೆ ಮಾಡು. ವೀರ ನಾಯಕನಲ್ಲಿರಲಿ, ಭಯ ಅವನ ಎದುರಾಳಿಯಲ್ಲಿರಲಿ. ಎರಡು, ಅಕ್ಕಪಕ್ಕ ಇಡಲೇಬೇಕಾದರೆ ನಡುವೆ ಮೂರನೆಯ ರಸವೊಂದನ್ನು ತೂರಿಸು. ಅದಕ್ಕೆ ಅವನು ಕೊಡುವ ಉದಾಹರಣೆ ‘ನಾಗಾನಂದ’ ನಾಟಕದ ಶಾಂತ ಮತ್ತು ಶೃಂಗಾರ; ಅಲ್ಲಿ ಎರಡರ ನಡುವೆ ಬಂದು ಕೂತಿರುವುದು ಅದ್ಭುತ. ಈ ಎರಡು ಉಪಾಯಗಳನ್ನು ಕೈಯಲ್ಲಿ ಹಿಡಿದು ಹೊರಟರೆ ಜನ ಯಾವ ಚಿತ್ರಕ್ಕೆ ಕುಣಿದರು, ಯಾವುದಕ್ಕೆ ಮುಖ ಸಿಂಡರಿಸಿದರು ಎಂಬುದು ತಕ್ಕಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ನಗುತ್ತಿರುವುದು ಯಾರನ್ನು ನೋಡಿ?

ದೆವ್ವವನ್ನು ನೋಡಿ ಜನ ನಕ್ಕರೆ ಭಯ ಅಲ್ಲಿಗೆ ಮುಗಿಯಿತು. ದೆವ್ವಕ್ಕೆ ಹೆದರಿದವನನ್ನು ನೋಡಿ ನಕ್ಕರೆ ಭಯವೂ ಉಳಿಯುತ್ತದೆ, ನಗುವೂ ಸಿಗುತ್ತದೆ. ಭಯದ ಆಶ್ರಯ ತೆರೆಯ ಮೇಲಿನ ಪಾತ್ರ, ನಗುವಿನ ಆಶ್ರಯ ಕುರ್ಚಿಯಲ್ಲಿ ಕೂತವರು. ಗೆದ್ದ ಹಾರರ್ ಕಾಮಿಡಿಗಳ ಮುಖ್ಯ ಗುಟ್ಟು ಇದು. ‘ಹೆದರಿಸಲೂ ಇಲ್ಲ, ನಗಿಸಲೂ ಇಲ್ಲ’ ಎನಿಸಿಕೊಂಡ ಚಿತ್ರವನ್ನು ಬಿಚ್ಚಿ ನೋಡಿದರೆ ಎಲ್ಲೋ ಒಂದು ಕಡೆ ದೆವ್ವವೇ ಜೋಕು ಹೊಡೆದಿರುತ್ತದೆ, ಡ್ಯಾನ್ಸ್ ಮಾಡಿರುತ್ತದೆ, ಕಾಮಿಡಿ ನಟನ ಕೈಯಲ್ಲಿ ಏಟು ತಿಂದಿರುತ್ತದೆ. ಆ ಸೀನ್‌ಗೆ ಥಿಯೇಟರ್‌ನಲ್ಲಿ ನಗು ಬಿದ್ದಿರಬಹುದು. ಆದರೆ ಹತ್ತು ನಿಮಿಷ ಕಳೆದು ಅದೇ ದೆವ್ವ ಕಣ್ಣು ಕೆಂಪಗೆ ಮಾಡಿ ಬಂದಾಗ ಹೆದರುವವರಿಲ್ಲ. ಯಾರೂ ಹೆದರದಿದ್ದಾಗ ಪಾತ್ರದ ನಡುಕ ಅಸಲಿ ಅನಿಸುವುದಿಲ್ಲ, ಹಾಗಾಗಿ ಅವನನ್ನು ನೋಡಿ ಬರಬೇಕಾದ ನಗುವೂ ಬರುವುದಿಲ್ಲ. ಒಂದು ಕೆಟ್ಟರೆ ಎರಡೂ ಕೆಡುವುದು ಹೀಗೆ.

2018ರ ಆಗಸ್ಟ್ 31ರಂದು ಬಂದ ಅಮರ್ ಕೌಶಿಕ್ ನಿರ್ದೇಶನದ ಹಿಂದಿಯ ‘ಸ್ತ್ರೀ’ ಇದಕ್ಕೆ ಚೊಕ್ಕ ಉದಾಹರಣೆ. ಗೋಡೆಯ ಮೇಲೆ ಬರೆದು ದೆವ್ವವನ್ನು ವಾಪಸ್ ಕಳಿಸುವ ಅದರ ಎಳೆ ಕನ್ನಡಿಗರಿಗೆ ಹೊಸದೇನಲ್ಲ. 1990ರ ದಶಕದಲ್ಲಿ ಕರ್ನಾಟಕದಲ್ಲಿ ಮನೆ ಬಾಗಿಲುಗಳ ಮೇಲೆ ಕಾಣುತ್ತಿದ್ದ ‘ನಾಳೆ ಬಾ’ ಎಂಬುದೇ ಅಲ್ಲಿ ‘ಕಲ್ ಆನಾ’ ಆಗಿದೆ. ಆ ದೆವ್ವಕ್ಕೆ ಗಟ್ಟಿ ನಿಯಮಗಳಿವೆ. ಬರುವುದು ಹಬ್ಬದ ನಾಲ್ಕು ರಾತ್ರಿ, ಹಿಡಿಯುವುದು ಗಂಡಸರನ್ನು, ಹೆಸರು ಹಿಡಿದು ಕರೆದಾಗ ತಿರುಗಿ ನೋಡಿದವನು ಹೋದ. ದೆವ್ವ ಎಲ್ಲೂ ನಿಯಮ ಮುರಿದು ಹಗುರವಾಗುವುದಿಲ್ಲ. ನಗು ಇರುವುದು ಆ ನಿಯಮಕ್ಕೆ ಊರ ಗಂಡಸರು ಹೊಂದಿಕೊಳ್ಳಲು ಪಡುವ ಪಾಡಿನಲ್ಲಿ. ಕತ್ತಲಾದ ಮೇಲೆ ಒಬ್ಬನೇ ಹೊರಗೆ ಹೋಗಬೇಡ ಎಂಬ ಮಾತು ಗಂಡಸಿನ ಕಿವಿಗೆ ಬೀಳುವುದೇ ಅಲ್ಲಿನ ದೊಡ್ಡ ಜೋಕು. ದೆವ್ವ ತನ್ನ ಪಾಡಿಗೆ ಗಂಭೀರವಾಗಿದೆ.

2025ರ ಜುಲೈ 25ರಂದು ಬಂದ ಕನ್ನಡದ ‘ಸು ಫ್ರಮ್ ಸೋ’ ಇದೇ ಉಪಾಯವನ್ನು ಇನ್ನೊಂದು ತುದಿಗೆ ಒಯ್ಯಿತು. ಜೆ.ಪಿ. ತುಮಿನಾಡು ನಿರ್ದೇಶಿಸಿ ನಟಿಸಿದ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರಾದ ಈ ಚಿತ್ರದಲ್ಲಿ ಹುಡುಗನೊಬ್ಬ ಪೇಚಿನಿಂದ ಪಾರಾಗಲು ಸೋಮೇಶ್ವರದ ಸುಲೋಚನಾ ಮೈಮೇಲೆ ಬಂದಂತೆ ನಟಿಸುತ್ತಾನೆ. ದೆವ್ವ ಇಲ್ಲ ಎಂಬುದು ನೋಡುವವರಿಗೆ ಮೊದಲೇ ಗೊತ್ತು, ಊರಿನವರಿಗೆ ಗೊತ್ತಿಲ್ಲ. ಭಯವೆಲ್ಲ ಅವರ ಪಾಲಿಗೆ, ನಗುವೆಲ್ಲ ನಮ್ಮ ಪಾಲಿಗೆ. ಆಶ್ರಯ ಇಷ್ಟು ಸ್ಪಷ್ಟವಾಗಿ ಬೇರ್ಪಟ್ಟಾಗ ಹೆದರಿಸಿಲ್ಲ ಎಂಬ ದೂರಿಗೆ ಜಾಗವೇ ಇರುವುದಿಲ್ಲ; ಚಿತ್ರ ಹೆದರಿಸುತ್ತೇನೆ ಎಂದು ಮಾತು ಕೊಟ್ಟೇ ಇಲ್ಲವಲ್ಲ. ಅದರ ಬಗ್ಗೆ ಬಂದ ಮಾತುಗಳಲ್ಲಿ ದೆವ್ವಕ್ಕಿಂತ ರವಿಯಣ್ಣ, ಬಾವ, ಗುರೂಜಿ ಎಂದು ಪಾತ್ರಗಳ ಹೆಸರೇ ಹೆಚ್ಚು ಕೇಳಿಸಿದ್ದು ಇದಕ್ಕೇ.

ಒಂದು ಸೀನ್ ಬಿಚ್ಚಿ ನೋಡೋಣ

ಯಾವ ಚಿತ್ರದ್ದೂ ಅಲ್ಲದ ಒಂದು ಸೀನ್ ಕಟ್ಟೋಣ. ಹಳೇ ಮನೆ, ಉದ್ದನೆಯ ಪಡಸಾಲೆ, ಕೊನೆಯಲ್ಲಿ ಅರ್ಧ ತೆರೆದ ಬಾಗಿಲು. ಮೂವರು ಗೆಳೆಯರು. ಮುಂದಿದ್ದವನು ‘ಏನಿಲ್ಲ ಬಾರೋ, ಗಾಳಿ’ ಎನ್ನುತ್ತಾನೆ. ಹಿನ್ನೆಲೆ ಸಂಗೀತ ನಿಲ್ಲುತ್ತದೆ. ಎರಡೋ ಮೂರೋ ಸೆಕೆಂಡ್ ಪೂರ್ತಿ ನಿಶ್ಶಬ್ದ. ಬಾಗಿಲು ಧಡ್ ಎಂದು ಬಡಿದುಕೊಳ್ಳುತ್ತದೆ. ಹೊರಗೆ ಬಂದದ್ದು ಬೆಕ್ಕು. ಸಭಾಂಗಣ ಬೆಚ್ಚಿ, ಕೂಡಲೇ ನಗುತ್ತದೆ. ಮುಂದಿದ್ದವನು ‘ನಾನು ಹೇಳಲಿಲ್ವಾ’ ಎಂದು ತಿರುಗಿದರೆ ಹಿಂದಿದ್ದ ಇಬ್ಬರೂ ಇಲ್ಲ.

ಇದರಲ್ಲಿ ಐದು ಕೆಲಸಗಳಿವೆ, ಪ್ರತಿಯೊಂದೂ ಕೆಡಬಹುದು. ಮೊದಲನೆಯದು ನಿಶ್ಶಬ್ದ. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮ್. ಎಡಿಟರ್ 12 ಫ್ರೇಮ್ ಬೇಗ ಕತ್ತರಿಸಿದರೂ ಅರ್ಧ ಸೆಕೆಂಡ್ ಹೋಯಿತು, ಭಯ ಹುರಿಗೊಳ್ಳುವುದಿಲ್ಲ. ಅರ್ಧ ಸೆಕೆಂಡ್ ಹೆಚ್ಚು ಎಳೆದರೆ ನೋಡುವವನು ‘ಈಗ ಬರುತ್ತೆ ನೋಡು’ ಎಂದು ಪಕ್ಕದವನಿಗೆ ಹೇಳಿಬಿಟ್ಟಿರುತ್ತಾನೆ. ಎರಡನೆಯದು ಸದ್ದು. ಮೂರನೆಯದು ಸುಳ್ಳು ಭಯ, ಅಂದರೆ ಬೆಕ್ಕು. ಇದರ ಹಿರಿಯಜ್ಜ 1942ರ ಹಾಲಿವುಡ್ ಚಿತ್ರ ‘ಕ್ಯಾಟ್ ಪೀಪಲ್’ನಲ್ಲಿದ್ದಾನೆ: ಕತ್ತಲ ರಸ್ತೆಯಲ್ಲಿ ಹೆದರಿ ನಡೆಯುವ ಹೆಣ್ಣಿನ ಪಕ್ಕಕ್ಕೆ ಬುಸ್ಸೆಂದು ಬಂದು ನಿಲ್ಲುವುದು ಬರೇ ಒಂದು ಬಸ್ಸು. ಅಲ್ಲಿ ನಗಿಸುವ ಉದ್ದೇಶವಿರಲಿಲ್ಲ, ಆದರೆ ಬೆಚ್ಚಿಸಿ ನಿರಾಳ ಮಾಡುವ ಆ ಸಾಲಿನಲ್ಲಿ ಹಾರರ್ ಕಾಮಿಡಿಯ ಬೀಜ ಇತ್ತು. ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್‌ಮನ್ 1970ರ ದಶಕದಲ್ಲಿ ವಿವರಿಸಿದಂತೆ ಮೈಯ ಉದ್ರೇಕ ಥಟ್ಟನೆ ಇಳಿಯುವುದಿಲ್ಲ. ಉಳಿದದ್ದು ಮುಂದಿನ ಭಾವಕ್ಕೆ ಸೇರಿಕೊಳ್ಳುತ್ತದೆ. ಬೆಕ್ಕು ಬೇರೆ ಹೊತ್ತಿನಲ್ಲಿ ಬಂದಿದ್ದರೆ ಯಾರೂ ನಗುತ್ತಿರಲಿಲ್ಲ. ಬೆಚ್ಚಿದ ಎದೆ ಇನ್ನೂ ಬಡಿದುಕೊಳ್ಳುತ್ತಿರುವಾಗ ಬಂದದ್ದಕ್ಕೇ ಆ ನಗು ದೊಡ್ಡದು.

ನಾಲ್ಕನೆಯದು ಮಾತಿನ ಮುಂಚಿನ ಖಾಲಿ ಜಾಗ. ತುಂಬಿದ ಥಿಯೇಟರ್‌ನಲ್ಲಿ ನಗು ಇಳಿಯಲು ಸೆಕೆಂಡ್‌ಗಳು ಬೇಕು. ಅಷ್ಟರೊಳಗೆ ಮುಂದಿನ ಡೈಲಾಗ್ ಬಂದರೆ ಅದು ನಗುವಿನಡಿ ಮುಚ್ಚಿಹೋಗುತ್ತದೆ. ಹಾಗಾಗಿ ಪಳಗಿದ ಎಡಿಟರ್ ಅಲ್ಲಿ ಮಾತಿಲ್ಲದ ಒಂದು ಮುಖ ಇಡುತ್ತಾನೆ. ಐದನೆಯದು ಗೆಳೆಯರು ಮಾಯವಾದ ಆ ಒಗಟು. ಆನಂದವರ್ಧನನ ಎರಡನೆಯ ಉಪಾಯ ಇದೇ: ನಗುವಿನಿಂದ ನೇರ ಭಯಕ್ಕೆ ಹಾರದೆ ನಡುವೆ ‘ಅರೆ, ಇದೇನಿದು’ ಎಂಬ ಬೆರಗು. ಈ ಮೆಟ್ಟಿಲು ಬಿಟ್ಟು ನಗುವಿನ ಬೆನ್ನಿಗೇ ದೆವ್ವದ ಮುಖ ತೋರಿಸಿದರೆ ಜನ ಅದಕ್ಕೂ ನಗುತ್ತಾರೆ. ನಿರ್ದೇಶಕ ಹೆದರಿಸಲು ಇಟ್ಟ ಶಾಟ್‌ಗೆ ಹಿಂದಿನ ಸಾಲಿನಿಂದ ಸಿಳ್ಳೆ ಬೀಳುವುದು ಹೀಗೆ, ಮೇಕಪ್ ಎಷ್ಟೇ ಚೆನ್ನಾಗಿದ್ದರೂ. ಗ್ರಾಫಿಕ್ಸ್ ಕಳಪೆ ಎಂದು ಜನ ಬೈಯುವ ಎಷ್ಟೋ ದೆವ್ವಗಳ ತಪ್ಪು ಗ್ರಾಫಿಕ್ಸ್‌ನದ್ದಲ್ಲ, ಸೀನ್‌ಗಳ ಸರದಿಯದ್ದು. ಅಪ್ಪಟ ಕಳಪೆ ಗ್ರಾಫಿಕ್ಸ್ ಇಲ್ಲವೆಂದಲ್ಲ, ಬೇಕಾದಷ್ಟಿದೆ.

ಸ್ಟಾರ್ ಹೆದರಬಹುದೇ?

ಅಭಿಮಾನಿ ಎಂಬ ಪದ ಬಂದಕೂಡಲೇ ಲೆಕ್ಕ ತುಸು ಬದಲಾಗುತ್ತದೆ. ಕಾಮಿಡಿ ಬೇಕೆಂದು ಬಂದವನಿಗೆ ನಾಯಕ ಹೆದರಿ ಮಂಚದ ಕೆಳಗೆ ತೂರಿದರೆ ಹಬ್ಬ. ಕಟೌಟ್ ಕಟ್ಟಿ ಬಂದವನಿಗೆ ಅದೇ ದೃಶ್ಯ ಅವಮಾನ. ವೀರ ಮತ್ತು ಭಯ ಒಬ್ಬನಲ್ಲೇ ಇರಬಾರದು ಎಂದು ಆನಂದವರ್ಧನ ಹೇಳಿದ್ದನ್ನು ಫ್ಯಾನ್ಸ್ ಶೋದಲ್ಲಿ ಕೂತವರು ಓದಿರಬೇಕಾಗಿಲ್ಲ. ಅವರ ಮೌನವೇ ಅದನ್ನು ಹೇಳುತ್ತದೆ. ದೊಡ್ಡ ನಾಯಕರ ಹಾರರ್ ಕಾಮಿಡಿಗೆ ಮೊದಲ ದಿನ ಬರುವ ಮಾತು ಹೆಚ್ಚು ಒಡೆದಿರುವುದಕ್ಕೆ ಮುಖ್ಯ ಕಾರಣ ಇದು.

ದಕ್ಷಿಣದ ಚಿತ್ರಗಳು ಇದಕ್ಕೆ ಹುಡುಕಿಕೊಂಡ ದಾರಿಗಳು ಸ್ವಾರಸ್ಯಕರ. ಫಾಜಿಲ್ ಅವರ ಮಲಯಾಳದ ‘ಮಣಿಚಿತ್ರತಾಳ್’ 1993ರಲ್ಲಿ ಹಾಕಿದ ಚೌಕಟ್ಟಿನಲ್ಲಿ ನಾಯಕ ಮನೋವೈದ್ಯ. ಅವನು ತಡವಾಗಿ ಬರುತ್ತಾನೆ, ಅವನಿಗೆ ಹೆದರಿಕೆ ಇಲ್ಲ. ಹೆದರುವ ಕೆಲಸ ಮನೆಯ ಉಳಿದವರದ್ದು. ಪಿ. ವಾಸು ಅದನ್ನು 2004ರಲ್ಲಿ ಕನ್ನಡದ ‘ಆಪ್ತಮಿತ್ರ’ ಮಾಡಿದಾಗ ವಿಷ್ಣುವರ್ಧನ್ ಅವರಿಗೆ ಇದು ಹೇಳಿ ಮಾಡಿಸಿದಂತೆ ಕೂತಿತು. ವೀರ ನಾಯಕನ ಬಳಿ, ಭಯ ಮನೆಯವರ ಬಳಿ, ಅಳಲು ಸೌಂದರ್ಯಾ ಅವರ ನಾಗವಲ್ಲಿಯ ಬಳಿ. ಮೂರು ರಸಕ್ಕೆ ಮೂರು ಆಶ್ರಯ. ಮರುವರ್ಷ ತಮಿಳಿನಲ್ಲಿ ‘ಚಂದ್ರಮುಖಿ’, 2007ರಲ್ಲಿ ಹಿಂದಿಯಲ್ಲಿ ‘ಭೂಲ್ ಭುಲೈಯಾ’ ಬಂದು ಅದೇ ಚೌಕಟ್ಟು ದೊಡ್ಡ ನಾಯಕರನ್ನು ಹೊತ್ತಿತು.

ರಾಘವ ಲಾರೆನ್ಸ್ ಅವರ ತಮಿಳು ‘ಕಾಂಚನಾ’ (2011) ಇನ್ನೂ ಚಾಲಾಕಿ. ಅಲ್ಲಿ ನಾಯಕ ಪಕ್ಕಾ ಪುಕ್ಕಲ. ತೃತೀಯಲಿಂಗಿಯೊಬ್ಬಳ ದೆವ್ವ ಅವನ ಮೈಮೇಲೆ ಬಂದಮೇಲೆ ಅದೇ ದೇಹ ಹೊಡೆದಾಡುತ್ತದೆ. ದೇಹ ಒಂದೇ ಆದರೂ ಆಶ್ರಯ ಎರಡು; ಪುಕ್ಕಲನನ್ನು ನೋಡಿ ನಗಬಹುದು, ಆವೇಶ ಬಂದವನಿಗೆ ಸಿಳ್ಳೆ ಹೊಡೆಯಬಹುದು. ಕನ್ನಡದಲ್ಲಿ ಇದು 2012ರಲ್ಲಿ ಉಪೇಂದ್ರ ಅವರ ‘ಕಲ್ಪನಾ’ ಆಯಿತು. ಈ ಬಗೆಯ ಚಿತ್ರಗಳಲ್ಲಿ ಹೆಣ್ತನದ ಹಾವಭಾವವನ್ನೇ ಜೋಕು ಮಾಡುವ ಚಾಳಿಯೂ ಇದೆ. ಲೈಂಗಿಕ ಅಲ್ಪಸಂಖ್ಯಾತ ಪಾತ್ರದ ನೋವನ್ನು ಕಥೆಯ ಕೇಂದ್ರಕ್ಕೆ ತಂದು, ಆ ಪಾತ್ರದ ನಡೆನುಡಿಯನ್ನೇ ನಗುವಿಗೂ ಬಳಸಿದರೆ ಇಂದಿನ ಪ್ರೇಕ್ಷಕ ತಕರಾರು ತೆಗೆಯುತ್ತಾನೆ. ಅದು ಅತಿಸೂಕ್ಷ್ಮತೆ ಎಂದು ಗೊಣಗುವವರು ಮತ್ತೆ ಅದೇ ಪ್ರಶ್ನೆಗೆ ಬರಬೇಕು: ನಗುತ್ತಿರುವುದು ಯಾರನ್ನು ನೋಡಿ?

ಮೂರನೆಯ ದಾರಿ ಸ್ಟಾರನ್ನೇ ಬಿಟ್ಟುಬಿಡುವುದು. 2007ರ ಬೆಂಗಳೂರಿನಲ್ಲಿ ಒಂದೇ ಮನೆಯಲ್ಲಿರುವ ಹುಡುಗರು ಆತ್ಮಗಳನ್ನು ಕರೆಯುವ ಓಜಾ ಬೋರ್ಡ್ ಹಿಡಿದು ಕೂರುವ ಮಲಯಾಳದ ‘ರೋಮಾಂಚಂ’ (2023), ಮತ್ತೆ ‘ಸು ಫ್ರಮ್ ಸೋ’. ಗುಂಪಿನಲ್ಲಿ ಎಲ್ಲರೂ ಹೆದರಬಹುದು, ಯಾರ ಮರ್ಯಾದೆಗೂ ಕುಂದಿಲ್ಲ. ಕಾಯುವ ಅಭಿಮಾನಿ ಬಳಗವೂ ಇಲ್ಲ, ಹಾಗಾಗಿ ಇಂಥವು ಸದ್ದಿಲ್ಲದೆ ಶುರುವಾಗಿ ಬಾಯಿಮಾತಿನಿಂದ ಬೆಳೆಯುತ್ತವೆ. ‘ಸು ಫ್ರಮ್ ಸೋ’ ತಂಡ ಬಿಡುಗಡೆಗೆ ಮೊದಲೇ ಪೇಯ್ಡ್ ಪ್ರೀಮಿಯರ್, ಅಂದರೆ ಟಿಕೆಟ್ ಇಟ್ಟ ಮುಂಗಡ ಶೋ, ನಡೆಸಿತು. ಬಿಡುಗಡೆಯ ಬಳಿಕ ಬೇಡಿಕೆ ನೋಡಿ ಶೋಗಳು ಹೆಚ್ಚಾದವು. ನೋಡಿ ಬಂದವರ ಮಾತನ್ನೇ ಪ್ರಚಾರ ಮಾಡಿಕೊಳ್ಳುವ ಈ ಧೈರ್ಯ ಚಿತ್ರ ಗಟ್ಟಿಯಿದ್ದಾಗ ಮಾತ್ರ ಫಲ ಕೊಡುತ್ತದೆ. ಪ್ರೀಮಿಯರ್‌ನಲ್ಲಿ ಮಾತು ಕೆಟ್ಟರೆ ಮೊದಲ ದಿನದ ಬುಕಿಂಗ್‌ಗೂ ಕುತ್ತು.

ಫ್ಲ್ಯಾಶ್‌ಬ್ಯಾಕ್ ಎಂಬ ಹಳ್ಳ

‘ಸೆಕೆಂಡ್ ಹಾಫ್ ಲ್ಯಾಗ್’ ಎಂದವರನ್ನು ಕೂರಿಸಿ ಯಾವ ಸೀನ್ ಎಂದು ಕೇಳಿದರೆ ಹತ್ತಕ್ಕೆ ಏಳೆಂಟು ಸಲ ಬೆರಳು ಫ್ಲ್ಯಾಶ್‌ಬ್ಯಾಕ್ ಕಡೆಗೇ ಹೋಗುತ್ತದೆ. ನಮ್ಮ ಕಥೆಗಳಲ್ಲಿ ದೆವ್ವ ಸುಮ್ಮನೆ ಕೆಟ್ಟದ್ದಲ್ಲ, ಅನ್ಯಾಯಕ್ಕೆ ಸಿಕ್ಕಿ ಸತ್ತ ಜೀವ. ಅದಕ್ಕೆ ನ್ಯಾಯ ಸಿಗುವುದೇ ಕ್ಲೈಮ್ಯಾಕ್ಸ್. ಹಾಗಾಗಿ ಅನ್ಯಾಯ ತೋರಿಸಲೇಬೇಕು. ತೋರಿಸಿದಷ್ಟೂ ಹೊತ್ತು ಮುಖ್ಯ ಕಾಮಿಡಿ ತಂಡ ತೆರೆಯ ಮೇಲಿಲ್ಲ. ದೆವ್ವ ಇನ್ನೂ ಮನುಷ್ಯರೂಪದಲ್ಲಿರುವುದರಿಂದ ಭಯವೂ ಇಲ್ಲ. ಟಿಕೆಟ್ ಕೊಂಡದ್ದು ಯಾವ ಎರಡಕ್ಕೋ ಆ ಎರಡೂ ಗೈರು. ಅದು ಮುಗಿದಮೇಲೆ ಇನ್ನೂ ಕಷ್ಟ. ಒಂದು ಹೆಣ್ಣನ್ನು ಸುಟ್ಟು ಕೊಂದದ್ದನ್ನು ನೋಡಿದ ಕಣ್ಣಿಗೆ ಐದು ನಿಮಿಷದಲ್ಲಿ ಪಂಚೆ ಜಾರುವ ಜೋಕು ತೋರಿಸಿದರೆ ನಗು ಬಾರದು. ಬಂದರೂ ಅಪರಾಧಿ ಭಾವದ ನಗು.

ಇದನ್ನು ದಾಟಿದವರು ಹೇಗೆ ದಾಟಿದರು? ‘ಕಾಂಚನಾ’ ಫ್ಲ್ಯಾಶ್‌ಬ್ಯಾಕ್‌ಗೆ ಶರತ್ ಕುಮಾರ್ ಅವರನ್ನು, ‘ಕಲ್ಪನಾ’ ಸಾಯಿಕುಮಾರ್ ಅವರನ್ನು ತಂದು ಕರುಣದ ಜಾಗಕ್ಕೆ ರೌದ್ರ ಮತ್ತು ವೀರವನ್ನು ಎಳೆದುಕೊಂಡವು. ಜನ ಅಳುವ ಬದಲು ಹಲ್ಲು ಕಡಿದು ಕೂತರು. ‘ಸು ಫ್ರಮ್ ಸೋ’ ಸುಲೋಚನಾಳ ಮಗಳ ಕಷ್ಟಕ್ಕೆ ತಿರುಗಿದಮೇಲೆ ನಗು ತೆಳುವಾಗುತ್ತದೆ, ನಿಜ. ಆದರೆ ಅಲ್ಲಿ ಊರವರ ಸುಳ್ಳು ಭಯವೇ ಇನ್ನೊಬ್ಬರಿಗೆ ಆಸರೆಯಾಗುವುದರಿಂದ ಮೊದಲರ್ಧದ ಜೋಕಿಗೂ ಎರಡನೆಯ ಅರ್ಧದ ನೋವಿಗೂ ಒಂದೇ ದಾರ ಇದೆ. ಈ ದಾರ ಇಲ್ಲದೆ ನೋವನ್ನು ಬೇರೆ ಕಥೆಯಾಗಿ ತಂದು ಅಂಟಿಸಿದರೆ ಅಂಟು ಬಿಟ್ಟ ಜಾಗ ಎದ್ದು ಕಾಣುತ್ತದೆ. ಅವಧಿಯ ಪ್ರಶ್ನೆ ಆಮೇಲಿನದು. ಹತ್ತು ನಿಮಿಷ ಕತ್ತರಿಸಿ ಟ್ರಿಮ್ ಮಾಡಿದ್ದೇವೆ ಎಂದು ಎರಡನೇ ದಿನ ತಂಡ ಹೇಳಿಕೆ ಕೊಟ್ಟರೂ ಮಾತು ಬದಲಾಗದಿರುವುದು ಈ ಕಾರಣಕ್ಕೆ. ಉದ್ದ ಕಡಿಮೆಯಾಯಿತು, ಹಳ್ಳ ಹಾಗೇ ಇದೆ.

ಅಭಿಮಾನಿಯ ಮಾತನ್ನು ಓದುವ ಬಗೆ

ಮೊದಲು ಗಡಿಯಾರ ನೋಡಿ. ಇಂಟರ್ವಲ್‌ನಲ್ಲಿ ಕುಳಿತು ಬರೆದ ಮಾತು ಹಾರರ್ ಕಾಮಿಡಿಯ ಮಟ್ಟಿಗೆ ಅತ್ಯಂತ ಮೋಸದ ಅಳತೆ. ದೆವ್ವ ಯಾರು ಎಂಬ ತಿರುವನ್ನು ಬಹುತೇಕ ಚಿತ್ರಗಳು ಇಂಟರ್ವಲ್‌ಗೇ ಇಟ್ಟಿರುತ್ತವೆ. ಎದೆಬಡಿತ ಇಳಿಯದ ಹೊತ್ತಿನಲ್ಲಿ ಬೆರಳು ಮೊಬೈಲ್ ಮೇಲಿರುತ್ತದೆ, ಹಳ್ಳವೋ ಇನ್ನೂ ಬಂದೇ ಇಲ್ಲ. ಥಿಯೇಟರ್ ಬಾಗಿಲಲ್ಲಿ ಮೈಕ್ ಹಿಡಿದು ಮಾಡುವ ಪಬ್ಲಿಕ್ ರಿವ್ಯೂ ಕೂಡ ಇದರ ತಮ್ಮನೇ. ಕ್ಲೈಮ್ಯಾಕ್ಸ್ ಬಿಸಿ ಆರಿಲ್ಲ, ಪಕ್ಕದಲ್ಲಿ ಗೆಳೆಯರಿದ್ದಾರೆ, ಎದುರಿಗೆ ಕ್ಯಾಮೆರಾ ಇದೆ. ಅದರ ಮೇಲೆ, ಜೋರಾಗಿ ಕೂಗಿದವನ ತುಣುಕೇ ವಿಡಿಯೊದಲ್ಲಿ ಉಳಿಯುತ್ತದೆ. ಪ್ರೇಕ್ಷಕರ ಮುಖವೇ ಜಾಹೀರಾತು ಎಂಬುದು ಹೊಸ ವಿಚಾರವಲ್ಲ. 2009ರಲ್ಲಿ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಟ್ರೈಲರ್ ಕತ್ತಲಲ್ಲಿ ಬೆಚ್ಚುವ ಪ್ರೇಕ್ಷಕರನ್ನೇ ತೋರಿಸಿ ಜನ ಸೆಳೆದಿತ್ತು.

ಸರಾಸರಿ ರೇಟಿಂಗ್ ನಂಬುವ ಮುನ್ನ ಒಂದು ಸಣ್ಣ ಲೆಕ್ಕ. ಹತ್ತು ಜನರಲ್ಲಿ ಐವರು 9 ಕೊಟ್ಟು ಐವರು 3 ಕೊಟ್ಟರೆ ಸರಾಸರಿ 6. ಹತ್ತೂ ಜನ 6 ಕೊಟ್ಟರೂ 6. ಎರಡನೆಯದು ಸುಮಾರಾದ ಚಿತ್ರ. ಮೊದಲನೆಯದು ನಿಮಗೆ ಭಾರೀ ಹಿಡಿಸಬಹುದಾದ ಅಥವಾ ಒಂದು ಗಂಟೆಯಲ್ಲಿ ಎದ್ದು ಬರಬಹುದಾದ ಚಿತ್ರ. ಭಯ ಬೇಕೆಂದವರು, ನಗು ಬೇಕೆಂದವರು, ನಾಯಕ ಬೇಕೆಂದವರು ಬೇರೆ ಬೇರೆ ಮಾಪನ ಹಿಡಿದು ಬರುವ ಈ ಪ್ರಕಾರದಲ್ಲಿ ಮೊದಲ ಬಗೆಯ ಒಡಕೇ ಸಾಮಾನ್ಯ. ಸರಾಸರಿ ಬಿಟ್ಟು ಅತಿ ಹೆಚ್ಚು ಮತ್ತು ಅತಿ ಕಡಿಮೆ ಕೊಟ್ಟವರು ಬರೆದದ್ದನ್ನು ನಾಲ್ಕು ನಾಲ್ಕು ಓದಿದರೆ ಸಾಕು. ಅಮೆರಿಕದಲ್ಲಿ ಮೊದಲ ರಾತ್ರಿಯ ಪ್ರೇಕ್ಷಕರಿಂದ ಎ ಪ್ಲಸ್‌ನಿಂದ ಎಫ್‌ವರೆಗೆ ದರ್ಜೆ ಪಡೆಯುವ ಸಿನಿಮಾಸ್ಕೋರ್ ಎಂಬ ಸಂಸ್ಥೆ ಇದೆ. ಅಲ್ಲೂ ಹಾರರ್ ಚಿತ್ರಗಳಿಗೆ ದರ್ಜೆ ಕೆಳಗೇ ಬೀಳುವುದು ರೂಢಿ. ಹೆದರಿಸಿದ ಚಿತ್ರಕ್ಕೆ ಒಳ್ಳೆಯ ಅಂಕ ಕೊಡಲು ಮನುಷ್ಯನಿಗೆ ಕೈ ಬರುವುದಿಲ್ಲವೋ ಏನೋ.

ಪದಗಳಿಗೂ ಒಳಾರ್ಥವಿದೆ. ‘ಲಾಜಿಕ್ ಕೇಳಬೇಡಿ’ ಎಂದರೆ ದೆವ್ವದ ನಿಯಮಗಳು ನಡುವೆ ಬದಲಾಗಿವೆ ಎಂದು ಓದಿಕೊಳ್ಳಿ. ‘ಬಿಜಿಎಂ ಬೆಂಕಿ’ ಎಂದು ಹಿನ್ನೆಲೆ ಸಂಗೀತವೊಂದನ್ನೇ ಹೊಗಳಿದ್ದರೆ ಸದ್ದಿನಿಂದ ಬೆಚ್ಚಿಸಿದ್ದಾರೆ, ಕಥೆಯಿಂದ ಅಲ್ಲ. ಹೆಸರು ಹಿಡಿದು ಚಿಕ್ಕ ಪಾತ್ರವೊಂದನ್ನು ನೆನೆದಿದ್ದರೆ ಆ ಮಾತಿಗೆ ಬೆಲೆ ಕೊಡಿ. ನೋಡದವರು ಅದನ್ನು ಬರೆಯಲಾರರು. ‘ಫ್ಯಾಮಿಲಿ ಜೊತೆ ನೋಡಬಹುದು’ ಎಂಬುದನ್ನು ಮಾತ್ರ ಸೆನ್ಸಾರ್ ಸರ್ಟಿಫಿಕೇಟ್ ಜೊತೆ ತಾಳೆ ನೋಡಬೇಕು. 2024ರ ನಿಯಮಗಳ ಬಳಿಕ ಹಳೆಯ ಯುಎ ಮೂರಾಗಿದೆ: ಯುಎ 7+, ಯುಎ 13+, ಯುಎ 16+. ಇವು ಹೆತ್ತವರಿಗೆ ಸೂಚನೆ. ಈ ವಯಸ್ಸಿನ ಕೆಳಗಿನ ಮಕ್ಕಳನ್ನು ಕರೆದೊಯ್ಯಬಾರದೆಂಬ ತಡೆಯಲ್ಲ. ಎ ದರ್ಜೆಗೆ ಮಾತ್ರ 18 ಆಗದವರಿಗೆ ಪ್ರವೇಶವಿಲ್ಲ. 16+ ಇರುವ ಚಿತ್ರಕ್ಕೆ ಕಾಮಿಡಿ ತಾನೆ ಎಂದು ಆರು ವರ್ಷದ ಮಗುವನ್ನು ಕರೆದೊಯ್ದು, ಮಗು ರಾತ್ರಿಯಿಡೀ ಮಲಗಲಿಲ್ಲ ಎಂದು ಒಂದು ಸ್ಟಾರ್ ಕೊಟ್ಟರೆ ತಪ್ಪು ಚಿತ್ರದ್ದಲ್ಲ.

ಇನ್ನೊಂದು, ತೆರೆಯ ಮೇಲಿನ ಸರ್‌ಪ್ರೈಸ್ ಪ್ರವೇಶವನ್ನು ಮೊಬೈಲ್‌ನಲ್ಲಿ ಹಿಡಿದು ಹಂಚುವ ಉತ್ಸಾಹ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯ ಪ್ರಕಾರ ಥಿಯೇಟರ್‌ನಲ್ಲಿ ಹೀಗೆ ಅನುಮತಿಯಿಲ್ಲದೆ ರೆಕಾರ್ಡ್ ಮಾಡಿದರೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿಯಿಂದ ಶುರುವಾಗಿ ನಿರ್ಮಾಣ ವೆಚ್ಚದ ಶೇ 5ರವರೆಗೆ ದಂಡ. ಅಭಿಮಾನಕ್ಕೆ ರಿಯಾಯಿತಿ ಇಲ್ಲ.

ಭಾಷೆ ದಾಟಿದಾಗ, ಮನೆಗೆ ಬಂದಾಗ

ಬೆಚ್ಚಿಸುವ ಬಾಗಿಲಿಗೆ ಡಬ್ಬಿಂಗ್ ಬೇಕಿಲ್ಲ, ಜೋಕಿಗೆ ಬೇಕು. ‘ಸು ಫ್ರಮ್ ಸೋ’ ಒಂದೆರಡು ವಾರದೊಳಗೆ ಮಲಯಾಳ, ತೆಲುಗಿಗೆ ಹೋಯಿತು. ಕರಾವಳಿ ಕನ್ನಡದ ಎಳೆತ, ಮಾತಿನ ಕೊನೆಗೆ ಬರುವ ‘ಮಾರಾಯ’ ಇವೆಲ್ಲ ಇನ್ನೊಂದು ಭಾಷೆಯಲ್ಲಿ ಬರೇ ಅರ್ಥವಾಗಿ ಉಳಿಯುತ್ತವೆ. ಡಬ್ಬಿಂಗ್‌ನಲ್ಲಿ ನೋಡಿದವರು ‘ಇಷ್ಟೊಂದು ಹೊಗಳುವಂಥದ್ದೇನು’ ಎಂದರೆ ಅವರನ್ನು ಬೈಯುವುದು ಬೇಡ; ಅವರು ನೋಡಿದ ಚಿತ್ರದಲ್ಲಿ ಆ ಎಳೆತ ಇರಲೇ ಇಲ್ಲ. ತುಟಿಗೆ ಹೊಂದಿಸಲು ಡೈಲಾಗ್ ಉದ್ದ ಬದಲಾದರೆ ನಗುವಿಗೆ ಬಿಟ್ಟ ಜಾಗವೂ ಏರುಪೇರು.

ಇನ್ನು ಓಟಿಟಿ. ಥಿಯೇಟರ್‌ನಲ್ಲಿ ಗೆದ್ದ ಹಾರರ್ ಕಾಮಿಡಿ ಕೆಲವು ವಾರ ಬಿಟ್ಟು ಮೊಬೈಲ್‌ಗೆ ಬಂದಾಗ ‘ಓವರ್‌ರೇಟೆಡ್’ ಎಂಬ ಎರಡನೇ ಅಲೆ ಏಳುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಬೇರೆಯದೇ ಚಿತ್ರ ಸಿಕ್ಕಿದೆ. ಥಿಯೇಟರ್ ಸದ್ದಿನ ಪ್ರಮಾಣಿತ ಮಟ್ಟ ಒಂದೊಂದು ಮುಖ್ಯ ಚಾನೆಲ್‌ಗೆ 85 ಡೆಸಿಬಲ್‌ಗೆ ಹೊಂದಿಸಿದ್ದು, ಅದರ ಮೇಲೆ ಸದ್ದು ಸಿಡಿಯಲು 20 ಡೆಸಿಬಲ್ ಅವಕಾಶ. ಎದೆಗೆ ಗುದ್ದುವ ಆಳದ ಸದ್ದಿಗೆ ಬೇರೆಯೇ ಸಬ್‌ವೂಫರ್ ಚಾನೆಲ್. ಓಟಿಟಿಗೆ ಬರುವಾಗ ಮೆಲುಸದ್ದಿಗೂ ಸಿಡಿಯುವ ಸದ್ದಿಗೂ ನಡುವಿನ ಆ ಅಂತರ ಕುಗ್ಗುತ್ತದೆ. ನೆಟ್‌ಫ್ಲಿಕ್ಸ್ ಸಂಭಾಷಣೆಯ ಸರಾಸರಿ ಮಟ್ಟವನ್ನು -27 ಎಲ್‌ಕೆಎಫ್‌ಎಸ್‌ಗೆ (ಕಿವಿಗೆ ಕೇಳುವ ಸದ್ದಿನ ಜೋರು ಅಳೆಯುವ ಮಾನ), ಎರಡು ಅಂಕ ಹೆಚ್ಚುಕಡಿಮೆಯೊಳಗೆ, ಹೊಂದಿಸಬೇಕೆಂದು ಕೇಳುತ್ತದೆ. ಅಷ್ಟಾದರೂ ಉಳಿದ ಏರಿಳಿತವನ್ನು ಟಿವಿಯ ನೈಟ್ ಮೋಡ್ ಚಪ್ಪಟೆ ಮಾಡುತ್ತದೆ. ಮೊಬೈಲ್‌ನ ಪುಟ್ಟ ಸ್ಪೀಕರ್ ಆಳದ ಸದ್ದನ್ನು ಹೊರಡಿಸುವುದೇ ಇಲ್ಲ. ಬಾಗಿಲು ಬಡಿದದ್ದು ಕೇಳಿಸಿತು, ಬೆಚ್ಚಲಿಲ್ಲ. ಬೆಚ್ಚದಿದ್ದಮೇಲೆ ಬೆಕ್ಕಿಗೆ ನಗು ಎಲ್ಲಿಂದ? ಥಿಯೇಟರ್ ನಗುವಿಗೆಂದು ಬಿಟ್ಟ ಆ ಎರಡು ಸೆಕೆಂಡಿನ ಮೌನದ ಮುಖ ಒಬ್ಬನೇ ಕೂತು ನೋಡುವವನಿಗೆ ಸುಮ್ಮನೆ ಎಳೆದಂತೆ ಕಾಣುತ್ತದೆ. ಅಲ್ಲಿ ‘ಲ್ಯಾಗ್’ ಎಂಬ ಪದ ಮತ್ತೆ ಹುಟ್ಟುತ್ತದೆ, ಈ ಸಲ ಬೇರೆ ಕಾರಣಕ್ಕೆ.

ಮನೆಯಲ್ಲೇ ನೋಡುವುದಾದರೆ ಟಿವಿ ಸೆಟ್ಟಿಂಗ್‌ನಲ್ಲಿ ನೈಟ್ ಮೋಡ್, ಆಟೊ ವಾಲ್ಯೂಮ್ ಎರಡನ್ನೂ ಆಫ್ ಮಾಡಿ. ಸಾಮಾನ್ಯ ಮಾತು ಸರಿಯಾಗಿ ಕೇಳುವಷ್ಟು ವಾಲ್ಯೂಮ್ ಒಮ್ಮೆ ಇಟ್ಟು ಆಮೇಲೆ ರಿಮೋಟ್ ಮುಟ್ಟಬೇಡಿ; ನಿಶ್ಶಬ್ದ ಬಂತೆಂದು ಏರಿಸಿ, ಸದ್ದು ಬಂತೆಂದು ಇಳಿಸಿದರೆ ಎಡಿಟರ್ ಮಾಡಿದ ಕೆಲಸವನ್ನು ನೀವೇ ಅಳಿಸಿದಂತೆ. ಮೊಬೈಲ್ ಆದರೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಪಕ್ಕದಲ್ಲಿ ಇನ್ನಿಬ್ಬರು ಕೂತಿದ್ದರೆ, ಅವರಲ್ಲಿ ಒಬ್ಬರು ಪುಕ್ಕಲರಾಗಿದ್ದರೆ, ಹೆಡ್‌ಫೋನ್ ತೆಗೆದಿಟ್ಟು ಸ್ಪೀಕರ್ ಹಾಕುವುದೇ ಲೇಸು.